ಕರೆಂಟಕ್ಕನ ಆರು ತಿಂಗಳು

ಬೆಳಿಗ್ಗೆ ನಾನು ಖಾಲಿ ಫಾರಂಗಳನ್ನು ಚೀಲದಲ್ಲಿಟ್ಟುಕೊಂಡು ಕರೆಂಟ್ ಉಳಿಸುವ ಕೆಲಸಕ್ಕೆ ಹೊರಡುತ್ತೇನೆ. ಸಂಜೆ ಮನೆಗೆ ಬರುವಾಗ ತುಂಬಿದ ಫಾರಂಗಳ ಜೊತೆಗೆ ನಗು ಬರುವಂಥ ಒಂದಾದರೂ ಸಂಗತಿ ಬಂದೇ ಬರುತ್ತದೆ. ನಾನೇನೂ ಹುಡುಕಿಕೊಂಡು ಹೋಗುವುದಿಲ್ಲ. ಅವು ತಾವಾಗಿಯೇ ಆಗುತ್ತವೆ.

ಫಾರಂ ಬಿಟ್ಟು ಬೇರೇನನ್ನೂ ನಾನು ಬರೆದವಳಲ್ಲ. ಹಾಗಾಗಿ ಮೊದಲು ಎಲ್ಲವನ್ನೂ ಬಿಡಿಸಿ ಹೇಳಿಬಿಡುತ್ತೇನೆ. ನಮ್ಮದು ತೆಲಂಗಾಣದ ಗಡಿಯಲ್ಲಿರುವ ನಾರಾಯಣಪೇಟೆಯ ನೇಕಾರರ ಮನೆ. ಗಂಡ ಸೀರೆ ನೇಯುತ್ತಾರೆ, ನಾನು ಕಂಡಿಕೆ ಸುತ್ತಿ ಕೊಡುತ್ತಿದ್ದೆ. ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ಸಣ್ಣ ನೂಲಿನ ಕೊಳವೆ. ನೇಯ್ಗೆ ಕಡಿಮೆಯಾದಾಗ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗುವುದೆಂದು ಗಂಟು ಕಟ್ಟಿದ್ದೆವು. ಮಗಳ ಶಾಲೆ ಬಿಡಿಸುವ ಕಾಗದವೂ ತಯಾರಾಗಿತ್ತು. ಆಗ ಈ ಕೆಲಸ ಸಿಕ್ಕಿತು.

ಕೆಲಸ ಏನೆಂದರೆ, ನಾರಾಯಣಪೇಟೆ, ಮಕ್ತಲ್, ಗದ್ವಾಲ ಈ ಮೂರು ಊರುಗಳಲ್ಲಿ ಮನೆಮನೆಗೆ ಹೋಗಿ ಕರೆಂಟ್ ಎಲ್ಲಿ ಪೋಲಾಗುತ್ತದೆ ಎಂದು ನೋಡುವುದು, ಹಳೆಯ ಬಲ್ಬು, ಫ್ಯಾನು ಬದಲಿಸಿಕೊಡುವುದು, ಮಾಳಿಗೆಗೆ, ಅಂದರೆ ಮನೆಯ ತಾರಸಿಗೆ, ಬಿಳಿ ಬಣ್ಣ ಬಳಿಸಿ ಮನೆ ತಂಪು ಮಾಡುವುದು. ಬಳಿಯುವ ಕೆಲಸಕ್ಕೆ ನನ್ನ ಜೊತೆ ನಾಲ್ವರು ಹೆಂಗಸರಿದ್ದಾರೆ. ಅವರೂ ನನ್ನಂತೆ ಕಂಡಿಕೆ ಸುತ್ತುತ್ತಿದ್ದವರೇ. ಮೊದಲ ಆರು ತಿಂಗಳು ಪರೀಕ್ಷೆಯ ಕೆಲಸ. ಆಮೇಲೆ ಹೈದರಾಬಾದಿನ ನಮ್ಮ ಆಫೀಸಿನಿಂದ ಸಾಹೇಬರು ಬಂದು ನೋಡಿ, ಸರಿಯಿದೆ ಎಂದು ಬರೆದರೆ ಐವರಿಗೂ ಕೆಲಸ ಉಳಿಯುತ್ತದೆ. ಬರೆಯದಿದ್ದರೆ ನಾನು ಪುಣೆಗೆ.

ಇಷ್ಟು ಗೊತ್ತಿದ್ದರೆ ಸಾಕು.

1. ಮೂಲೆಯಲ್ಲಿದ್ದ ಕಣಜ

ಮೊದಲ ವಾರ ನಾನು ಯಾವ ಮನೆಗೆ ಹೋದರೂ ಕರೆಂಟ್ ಕಚೇರಿಯಿಂದ ದಂಡ ಹಾಕಲು ಬಂದವಳು ಎಂದೇ ಜನ ತಿಳಿದಿದ್ದರು. "ಕರೆಂಟಕ್ಕ ಬಂದ್ಲು" ಎಂಬ ಸುದ್ದಿ ನನಗಿಂತ ಮೊದಲೇ ಓಣಿಯ ಕೊನೆ ಮುಟ್ಟುತ್ತಿತ್ತು. ನಾನು ಒಳಗೆ ಹೋಗುವ ಹೊತ್ತಿಗೆ ಮಿಕ್ಸಿ ಹಾಸಿಗೆಯ ಕೆಳಗೆ, ಇಸ್ತ್ರಿಪೆಟ್ಟಿಗೆ ಹಿಟ್ಟಿನ ಡಬ್ಬಿಯ ಹಿಂದೆ.

ಮಕ್ತಲಿನ ಒಂದು ಮನೆಯಲ್ಲಿ ಮೂಲೆಯಲ್ಲೊಂದು ಎತ್ತರದ ವಸ್ತುವಿಗೆ ಕೌದಿ ಹೊದಿಸಿದ್ದರು. ಮನೆಯೊಡತಿ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು.

"ಅದೇನಕ್ಕಾ?" ಎಂದೆ.

"ಜೋಳದ ಕಣಜ ರೀ."

ಬರೆದುಕೊಂಡೆ. ಅಷ್ಟರಲ್ಲಿ ಕಣಜ ಒಮ್ಮೆ ಗಡಗಡ ನಡುಗಿ, ಗುಂಯ್ ಎನ್ನಲು ಶುರುಮಾಡಿತು. ನಾನು ಪೆನ್ನು ಎತ್ತಿ ಹಿಡಿದು ಕಾದೆ. ಅದು ನಿಲ್ಲಲಿಲ್ಲ.

"ಅಕ್ಕಾ, ಕಣಜ ಸಪ್ಪಳ ಮಾಡಾಕ ಹತ್ತೈತಿ."

ಆಕೆ ಕಣ್ಣು ಮಿಟುಕಿಸದೆ ಹೇಳಿದಳು: "ಜೋಳಕ್ಕ ನುಸಿ ಬಿದ್ದಾವ್ರಿ."

ನನಗೆ ಸಿಟ್ಟು ಬರಲಿಲ್ಲ. ಬಂದ ಅಧಿಕಾರಿಗಳಿಗೆ ಸುಳ್ಳು ಹೇಳುವುದನ್ನು ನಮ್ಮ ಮನೆಯಲ್ಲೂ ಚಿಕ್ಕಂದಿನಿಂದಲೇ ಕಲಿಸಿದ್ದರು. ದಂಡ ಹಾಕುವವಳಲ್ಲ, ಬಿಲ್ ಇಳಿಸಲು ಬಂದವಳು ಎಂದು ಮತ್ತೊಮ್ಮೆ ಹೇಳಿ, ಬಿಸಿಲಿಗೆ ತಲೆ ತಿರುಗಿದಂತಾಗಿ ಅಲ್ಲೇ ಕೂತುಬಿಟ್ಟೆ. ಆಕೆ ನನ್ನ ಮುಖ ನೋಡಿದಳು. ಒಂದು ಗಳಿಗೆ ಯೋಚಿಸಿ ಕೌದಿ ಸರಿಸಿ, ಬಾಗಿಲು ತೆಗೆದು, ಒಂದು ಚೊಂಬು ನೀರು ಕೊಟ್ಟಳು. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಗುಟ್ಟು ಹೋದರೆ ಹೋಗಲಿ, ಬಂದವಳು ನೀರಡಿಸಿ ಹೋಗಬಾರದು ಎಂದುಕೊಂಡ ಆ ಕೈಯನ್ನು ನಾನು ಮರೆಯುವುದಿಲ್ಲ.

ಕುಡಿದು ಚೊಂಬು ಕೊಡುವಾಗ ಆಕೆಯೇ ಹೇಳಿದಳು: "ಬರಕೋರಿ ಹಂಗಾರ. ಒಂದು ಕಣಜ, ಎರಡು ಬಾಗಲದ್ದು."

2. ನೇಕಾರರ ಹೊಸ ಬೆಳಕು

ನಾರಾಯಣಪೇಟೆಯ ನಮ್ಮ ಓಣಿಯಲ್ಲೇ ಒಬ್ಬ ಹಿರಿಯ ನೇಕಾರರಿದ್ದಾರೆ. ಕುಣಿ ಮಗ್ಗದವರು. ಕುಣಿ ಮಗ್ಗ ಎಂದರೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಹಗಲಲ್ಲೂ ಆ ಕೋಣೆಯಲ್ಲಿ ಬೆಳಕು ಸಾಲದು. ಅವರ ತಲೆಯ ಮೇಲೆ ಒಂದು ಹಳದಿ ಗುಂಡು ಬಲ್ಬು ಎಷ್ಟೋ ವರ್ಷದಿಂದ ತೂಗುತ್ತಿತ್ತು. ಅದು ಬೆಳಕಿಗಿಂತ ಶಾಖವನ್ನೇ ಹೆಚ್ಚು ಕೊಡುತ್ತಿತ್ತು. ಅದನ್ನು ತೆಗೆದು ಎಲ್‌ಇಡಿ ಹಾಕಿಕೊಟ್ಟೆ.

ನಾಲ್ಕನೆಯ ದಿನ ಕರೆ ಬಂತು. ಹೋಗಿ ನೋಡಿದರೆ ಅವರು ಕೈಕಟ್ಟಿ ಕೂತಿದ್ದಾರೆ. ಮಗ್ಗದ ಮೇಲೆ ಅರ್ಧ ಸೀರೆ.

"ಏನಾತ್ರಿ ಮಾವಾ?"

"ಏನಾತಂತ ಕೇಳ್ತಿ. ನಿನ್ನ ಬಲ್ಬು ನನ್ನ ಸೀರಿ ಬಣ್ಣ ತಿಂದೈತಿ. ಮೊನ್ನಿತನ ಮೆಣಸಿನಕಾಯಿ ಕೆಂಪಿತ್ತು. ಈಗ ನೋಡು, ಉಳ್ಳಾಗಡ್ಡಿ ಸಿಪ್ಪಿಯಾಗೇತಿ."

ಬಲ್ಬು ಬಣ್ಣ ತಿನ್ನುವುದಿಲ್ಲ, ಹಳದಿ ಬೆಳಕಿನಲ್ಲಿ ಬಣ್ಣ ಬೇರೆಯಾಗಿ ಕಾಣುತ್ತಿತ್ತು ಎಂದು ವಿವರಿಸಿದೆ. ನಾನು ಏನನ್ನೇ ಆದರೂ ಸ್ವಲ್ಪ ಹೆಚ್ಚೇ ವಿವರಿಸುತ್ತೇನೆ. ಅವರು ಕೇಳಲಿಲ್ಲ. ಕೊನೆಗೆ ಅದೇ ನೂಲಿನ ಲಡಿಯೊಂದನ್ನು ತೆಗೆದುಕೊಂಡು, "ಬರ್ರಿ, ಬಿಸಿಲಿಗೆ ಹಿಡಿದು ನೋಡೋಣ" ಎಂದು ಅಂಗಳಕ್ಕೆ ಕರೆದೆ.

ಬಿಸಿಲಿನಲ್ಲೂ ಅದು ಉಳ್ಳಾಗಡ್ಡಿ ಸಿಪ್ಪೆಯ ಬಣ್ಣವೇ.

ಅವರು ಲಡಿಯನ್ನು ನೋಡಿದರು, ನನ್ನನ್ನು ನೋಡಿದರು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು.

"ಈ ಸೂರ್ಯನ್ನೂ ನಿಮ್ಮ ಆಫೀಸಿನವರ ಹಾಕ್ಯಾರೇನು?"

ಈಗ ಅವರು ನೂಲು ಕೊಳ್ಳುವ ಅಂಗಡಿಗೆ ಆ ಎಲ್‌ಇಡಿಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗುತ್ತಾರೆ. ಅಂಗಡಿಯವನು ನನ್ನನ್ನು ಕಂಡರೆ ಮಾತಾಡಿಸುವುದಿಲ್ಲ.

3. ಎದುರುಬದುರು

ಕಡಿಮೆ ಕರೆಂಟ್ ತಿನ್ನುವ ಹೊಸ ಫ್ಯಾನುಗಳಿಗೆ ರಿಮೋಟ್ ಇರುತ್ತದೆ. ಮಕ್ತಲಿನ ಒಂದು ಇಕ್ಕಟ್ಟು ಓಣಿಯಲ್ಲಿ ಎದುರುಬದುರು ಮನೆಗಳಲ್ಲಿ ಇಬ್ಬರು ನೆಗೆಣ್ಣಿಯರು, ಅಂದರೆ ಅಣ್ಣತಮ್ಮಂದಿರ ಹೆಂಡತಿಯರು. ಮನೆ ಪಾಲಾದ ದಿನದಿಂದ ಮಾತಿಲ್ಲ. ಒಂದೇ ದಿನ ಇಬ್ಬರ ಮನೆಗೂ ಒಂದೇ ತರದ ಫ್ಯಾನು ಹಾಕಿಸಿ ಬಂದೆ.

ಮರುದಿನ ದೊಡ್ಡಾಕೆಯಿಂದ ಫೋನು: "ನಿನ್ನ ಫ್ಯಾನಿಗೆ ದೆವ್ವ ಬಡದೈತಿ. ತಾನ ನಿಲ್ತೈತಿ, ತಾನ ತಿರಗ್ತೈತಿ." ಒಂದು ತಾಸಿನ ಮೇಲೆ ಸಣ್ಣಾಕೆಯಿಂದ ಅದೇ ದೂರು. ಫ್ಯಾನು ಹಾಕುವ ಹುಡುಗನ ಜೊತೆ ಹೋಗಿ ಇಳಿಸಿ ನೋಡಿದೆವು, ಸರಿಯಿತ್ತು. ಮತ್ತೆ ಹಾಕಿ ಬಂದೆವು. ಮತ್ತೆ ಫೋನು. ಮೂರನೆಯ ಸಲ ಹೋದಾಗ ದೊಡ್ಡಾಕೆಯ ಪಡಸಾಲೆಯಲ್ಲೇ ಕೂತೆ. ಎರಡೂ ಮನೆಯ ಬಾಗಿಲು ತೆರೆದಿದ್ದವು. ಎದುರು ಮನೆಯಲ್ಲಿ ಸಣ್ಣಾಕೆ ರಿಮೋಟ್ ಎತ್ತಿ ಬಾಗಿಲ ಕಡೆ ಮುಖ ಮಾಡಿ ಒತ್ತಿದಳು. ಅಲ್ಲಿಯ ಫ್ಯಾನು ನಿಂತಿತು. ನನ್ನ ತಲೆಯ ಮೇಲಿನದೂ ನಿಂತಿತು.

ದೊಡ್ಡಾಕೆಗೆ ಅರ್ಥವಾಯಿತು. ತನ್ನ ರಿಮೋಟ್ ತೆಗೆದುಕೊಂಡು, ಎದುರು ಮನೆಗೆ ಗುರಿ ಹಿಡಿದು ಒತ್ತಿದಳು. ಎರಡೂ ತಿರುಗಿದವು. ಸಣ್ಣಾಕೆ ತಲೆಯೆತ್ತಿ ನೋಡಿ, ಮತ್ತೆ ಒತ್ತಿದಳು. ನಿಂತವು. ಅರ್ಧ ತಾಸು ಹೀಗೇ ನಡೆಯಿತು. ಕೊನೆಗೆ ದೊಡ್ಡಾಕೆಯೇ ಹೊಸ್ತಿಲಿಗೆ ಬಂದಳು.

"ಏನಬೇ, ಬಂದ್ ಮಾಡೂದಿದ್ರ ಬಾಯಿ ಬಿಟ್ಟು ಹೇಳಬಾರದೇನು? ಇಲ್ಲೇ ಕೂಸು ಮಲಗೈತಿ."

"ಹೇಳೇನು, ನೀನೂ ಹಚ್ಚೋ ಮುಂದ ಹೇಳು. ನಾ ಹಿಟ್ಟು ಸೋಸಾಕ ಹತ್ತೀನಿ, ಎಲ್ಲಾ ಹಾರಿ ಹೋತು."

ನಾಲ್ಕು ವರ್ಷದ ಮೇಲೆ ಅವರು ಆಡಿದ ಮೊದಲ ಮಾತು ಅದು. ವಾರದ ನಂತರ ನಾನು ಬೇರೆ ತರದ ರಿಮೋಟ್ ತೆಗೆದುಕೊಂಡು ಹೋದೆ, ಇನ್ನು ತೊಂದರೆಯಿಲ್ಲ ಎಂದೆ. ದೊಡ್ಡಾಕೆ ಅದನ್ನು ಮುಟ್ಟಲೇ ಇಲ್ಲ.

"ಒಯ್ಯಿ ವಾಪಸ್. ಅಕಿ ನನ್ನ ಕೇಳದ ಫ್ಯಾನ್ ಹಚ್ಚಂಗಿಲ್ಲ, ಅಷ್ಟಾದ್ರೂ ಮರ್ಯಾದಿ ಕಲತಾಳ. ಕೆಡಿಸಬ್ಯಾಡ."

4. ಸಂಡಿಗೆ

ಇದು ಚಿಕ್ಕದು. ಮಾಳಿಗೆಗೆ ಬಿಳಿ ಬಳಿದರೆ ಅದು ಬಿಸಿಲನ್ನು ವಾಪಸ್ ಎಸೆಯುತ್ತದೆ, ಕೆಳಗೆ ಮನೆ ತಂಪಾಗುತ್ತದೆ, ಫ್ಯಾನಿನ ಕೆಲಸ ಕಡಿಮೆಯಾಗುತ್ತದೆ. ಗದ್ವಾಲದಲ್ಲಿ ಮೊದಲ ಮಾಳಿಗೆ ಬಳಿದೆವು. ಮನೆಯೊಡತಿ ಒಳಗೆ ಕೂತು, "ಏನ್ ತಂಪವ್ವಾ, ನಿನ್ನ ಹೊಟ್ಟಿ ತಣ್ಣಗಿರಲಿ" ಎಂದು ಹರಸಿದಳು. ಮೂರು ದಿನ ಬಿಟ್ಟು ಹೋದರೆ ಅದೇ ಬಾಯಿಂದ ಬೈಗುಳ. ಮಾಳಿಗೆಯ ಮೇಲೆ ಹಾಕಿದ ಸಂಡಿಗೆ ಒಣಗಿರಲಿಲ್ಲ.

"ಮನ್ಯಾಗಿನ ಕಾವು ಕಡಿಮಿ ಮಾಡ್ರಿ ಅಂದೆ. ಸಂಡಗಿ ಕೆಳಗಿಂದೂ ತಕ್ಕೊಂಡು ಹೋಗ್ರಿ ಅಂದಿದ್ನೇನು?"

5. ಬಿಳಿ ಮಾಳಿಗೆ

ಆರನೆಯ ತಿಂಗಳು ಬಂತು. ಸಾಹೇಬರು ಗದ್ವಾಲಕ್ಕೆ ಬರುವ ದಿನ ಗೊತ್ತಾಯಿತು. ನೇಕಾರರ ಓಣಿಯೊಂದರ ಹನ್ನೆರಡು ಮಾಳಿಗೆಗಳನ್ನು ಅವರು ನೋಡಬೇಕು. ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಬಿಳಿ ಮಾತ್ರ ಬಳಿಯಬೇಕು, ಬೇರೆ ಯಾವ ಬಣ್ಣವೂ ಕೂಡದು. ನಾಲ್ವರು ಹೆಂಗಸರೂ ನಾನೂ ಸೇರಿ ಹನ್ನೆರಡನ್ನೂ ಹಾಲಿನಂತೆ ಬಳಿದೆವು. ಸಾಹೇಬರು ಬರಲು ಇನ್ನು ಎರಡು ದಿನ. ನನಗೆ ಪುಣೆಯ ಕನಸು ಬೀಳುವುದು ನಿಂತಿತ್ತು.

ಆ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಓಣಿಯಲ್ಲಿ ಯಾರೂ ಅವರ ಮಾತು ಮೀರುವುದಿಲ್ಲ. ಮೊಮ್ಮಗಳ ಕೈ ಹಿಡಿದು ಮೆಟ್ಟಿಲು ಹತ್ತಿ ಬಂದು, ಒಂದು ಸುತ್ತು ಎಲ್ಲಾ ಮಾಳಿಗೆಗಳನ್ನು ನೋಡಿ, ಅಲ್ಲೇ ಕುಸಿದು ಕೂತರು.

"ಯವ್ವಾ, ನೀನು ನೇಕಾರರ ಮಗಳು ಹೌದಲ್ಲೋ?"

"ಹೌದ್ರಿ ಅಜ್ಜಿ."

"ಹಂಗಾರ ಹೇಳು. ಅಂಚಿಲ್ಲದ ಬಿಳಿ ಅರಿವಿ ಯಾರ ಮ್ಯಾಲ ಹೊದಸ್ತಾರ?"

ನೇಕಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಆದರೆ ಓದುವವರಿಗೆ ಹೇಳಬೇಕು: ಅಂಚಿಲ್ಲದ ಬಿಳಿ ಬಟ್ಟೆ ಹೆಣಕ್ಕೆ. ಬದುಕಿರುವವರ ಬಟ್ಟೆಗೆ ಬೆರಳಗಲದ್ದಾದರೂ ಅಂಚು ಇರಬೇಕು. ಆರು ತಿಂಗಳು ಬಿಸಿಲು, ಶಾಖ, ಯೂನಿಟ್ಟು ಎಂದು ಎಲ್ಲವನ್ನೂ ಎಲ್ಲರಿಗೂ ವಿವರಿಸಿದವಳಿಗೆ ಇದೊಂದು ಹೊಳೆದಿರಲಿಲ್ಲ. ಹನ್ನೆರಡು ಮನೆಗಳ ಮೇಲೆ ನಾನೇ ನಿಂತು ಹೊದಿಸಿದ್ದೆ.

ಮಧ್ಯಾಹ್ನದೊಳಗೆ ಓಣಿಯೆಲ್ಲ ಸೇರಿತು. ಒಂದು ಮನೆಯಲ್ಲಿ ಬಸುರಿ, ಇನ್ನೊಂದರಲ್ಲಿ ಮದುವೆ ಗೊತ್ತಾದ ಮಗಳು. "ಕೆರೆದು ತೆಗೀರಿ, ಇಲ್ಲಾಂದ್ರ ಅಂಚು ಹಾಕ್ರಿ" ಎಂದರು. ಬೇರೆ ಬಣ್ಣ ಹಾಕಿದರೆ ಕೆಲಸ ಹೋಗುತ್ತದೆ ಎಂದು ಕಾಗದ ತೋರಿಸಿದೆ. ಕೆರೆದರಂತೂ ಹೋಗಿಯೇ ಹೋಗುತ್ತದೆ. ನನ್ನ ಜೊತೆಯ ನಾಲ್ವರಲ್ಲಿ ಹಿರಿಯವಳು ನನ್ನ ಕಿವಿಯಲ್ಲಿ, "ಅಕ್ಕಾ, ಅಂಚರ ಹಾಕೋಣು. ಬಳಿದು ಕೆಲಸ ಕಳಕೊಳ್ಳೋದು ಕೆರೆದು ಕಳಕೊಳ್ಳೋದ್ಕಿಂತ ಹಗೂರ" ಎಂದಳು.

ಕೆಮ್ಮಣ್ಣು ಕಲಸಿದೆವು. ಒಂದು ಗೇಣಿನ ಪಟ್ಟಿ ಸಾಕು ಎಂದು ನಾನು ಹೇಳಿದ್ದೆ. ಆದರೆ ಸೀರೆಯ ಅಂಚಿಗೇ ಹೆಸರಾದ ಗದ್ವಾಲದಲ್ಲಿ ಅಂಚು ಎಂದರೆ ಬರೀ ಪಟ್ಟಿ ಎಂದು ಯಾರು ಒಪ್ಪುತ್ತಾರೆ? ಮೊದಲ ಮನೆಗೆ ಗುಡಿಗೋಪುರದ ಅಂಚು ಬಂತು. ಅದನ್ನು ನೋಡಿ ಎರಡನೆಯವರು, "ಅವರದ ನಮಗ್ಯಾಕ, ನಾವೇನು ಅವರ ಮನಿ ಕೂಲಿ ಮಾಡ್ತೀವೇನು?" ಎಂದು ಹಂಸದ ಸಾಲು ಹಾಕಿಸಿದರು. ಮರುದಿನ ಸಂಜೆಯ ಹೊತ್ತಿಗೆ ಹನ್ನೆರಡು ಮಾಳಿಗೆಗೆ ಹನ್ನೆರಡು ತರದ ಅಂಚು. ಕೊನೆಯ ಮನೆಯವರು ಸೆರಗೂ ಬೇಕೆಂದು ಹಟ ಹಿಡಿದರು. ಅವರ ಕಾಲಿಗೆ ಬೀಳುವುದೊಂದು ಬಾಕಿಯಿತ್ತು, ಬಿದ್ದೆ.

ಸಾಹೇಬರು ಬಂದರು. ಎಲ್ಲಕ್ಕಿಂತ ಎತ್ತರದ ಮಾಳಿಗೆ ಹತ್ತಿ ನಿಂತರು. ನಾನು ಅವರ ಹಿಂದೆ, ನನ್ನ ಹಿಂದೆ ನಾಲ್ವರು, ಅವರ ಹಿಂದೆ ಇಡೀ ಓಣಿ. ಅವರು ಒಂದೊಂದೇ ಅಂಚನ್ನು ನೋಡುತ್ತಾ ಹೋದರು. ಆಮೇಲೆ ಮೆಲ್ಲಗೆ ತೆಲುಗಿನಲ್ಲಿ ಕೇಳಿದರು: "ಏಂದಮ್ಮಾ ಇದಿ?" ಏನಮ್ಮಾ ಇದು ಎಂದರ್ಥ.

ವಿವರಿಸುವುದೇ ನನ್ನ ಸ್ವಭಾವ ಎಂದು ಹೇಳಿದೆನಲ್ಲ. ಆವತ್ತು ಒಂದು ಅಕ್ಷರವೂ ಬರಲಿಲ್ಲ.

ಅವರು ಶಾಖ ಅಳೆಯುವ ಯಂತ್ರ ತೆಗೆದು ಬಿಳಿಯ ಮೇಲೆ ಹಿಡಿದರು, ತಲೆಯಾಡಿಸಿದರು. ಅಂಚಿನ ಮೇಲೆ ಹಿಡಿದರು, ತಲೆಯಾಡಿಸಲಿಲ್ಲ. ಒಂದು ಮನೆಯೊಳಗೆ ಹೋಗಿ ಅಳೆದು ಬಂದರು. ತಂಪಾಗಿಯೇ ಇತ್ತು. ಕೂತು ಫಾರಂ ತುಂಬತೊಡಗಿದರು. ನಡುವೆ ಪೆನ್ನು ನಿಲ್ಲಿಸಿ ತೆಲುಗಿನಲ್ಲೇ ಹೇಳಿದರು:

"ಇಲ್ಲೊಂದು ಕಾಲಂ ಇದೆಯಮ್ಮ. 'ಬೇರೆ ಬಣ್ಣ ಬಳಸಿದ್ದರೆ ಕಾರಣ.' ಕಾರಣ ಬರೆಯದಿದ್ದರೆ ನಾನು ಸಹಿ ಹಾಕುವ ಹಾಗಿಲ್ಲ. ಏನು ಬರೆಯಲಿ?"

ಈಗ ನನಗೆ ಮಾತು ಬಂತು. ನೇಯ್ಗೆಯಿಂದ ಶುರುಮಾಡಿ, ಬಿಳಿ ಅರಿವೆ, ಅಂಚು, ಬಸುರಿ, ಮದುವೆ ಎಂದು ಹೇಳುತ್ತಾ ಹೋದೆ. ಅವರು ಕೈ ಅಡ್ಡ ಹಿಡಿದು ಫಾರಂ ತೋರಿಸಿದರು. ಕಾರಣ ಬರೆಯಲು ಬಿಟ್ಟಿದ್ದ ಜಾಗ ಒಂದೇ ಗೆರೆ.

ಹಿಂದಿನಿಂದ ಅಜ್ಜಿ ಮುಂದೆ ಬಂದರು. ಸಾಹೇಬರಿಗೆ ತಿಳಿಯಲೆಂದು ತೆಲುಗಿನಲ್ಲೇ ಹೇಳಿದರು. ನಮ್ಮ ಮಾತಿನಲ್ಲಿ ಅದು ಹೀಗಾಗುತ್ತದೆ:

"ಅಷ್ಟ್ಯಾಕ ಸಾಹೇಬ್ರ, ಬರೀರಿ. ಮನ್ಯಾಗ ಎಲ್ಲಾರೂ ಜೀವಂತ ಅದಾರ."

ಸಾಹೇಬರು ಅಜ್ಜಿಯನ್ನೇ ನೋಡಿದರು. ಹನ್ನೆರಡು ಮಾಳಿಗೆಗಳನ್ನು ಮತ್ತೊಮ್ಮೆ ನೋಡಿದರು. ನಂತರ ಅಕ್ಷರ ಅಕ್ಷರ ಹಾಗೇ ಬರೆದು, ಸಹಿ ಹಾಕಿ, ಚಹಾ ಕುಡಿದು ಹೋದರು. ಅವರ ಉಪಕಾರವನ್ನೂ ಅಜ್ಜಿಯ ಉಪಕಾರವನ್ನೂ ನಾವು ಐವರು ಹೇಗೆ ತೀರಿಸುತ್ತೇವೋ ಗೊತ್ತಿಲ್ಲ.

ಎರಡು ವಾರದ ಮೇಲೆ ಹೈದರಾಬಾದಿನ ದೊಡ್ಡ ಆಫೀಸಿನಿಂದ ಕಾಗದ ಬಂತು. ಮೊಹರು, ಸಹಿ ಎಲ್ಲ ಇತ್ತು. ನನ್ನ ಗಂಡ ಮಗ್ಗದಿಂದ ಎದ್ದು ಬಂದು ನಿಂತರು. ಮಗಳು ಓದಿದಳು. ಎರಡೇ ಸಾಲು:

"ಎಲ್ಲರೂ ಜೀವಂತ ಇರುವುದನ್ನು ಗಮನಿಸಲಾಗಿದೆ. ಕೆಲಸ ಮುಂದುವರಿಸಬಹುದು."