ಕನ್ನಡಿ ಇಲ್ಲದ ಕ್ಯಾಮೆರಾ, ಮುಖ ಇಲ್ಲದ ಭಾಮೈದ

ಹಿರಿಯೂರಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಏಳನೇ ತರಗತಿಗೇ ಶಾಲೆಗೆ ಶರಣು ಹೊಡೆದು, ಇನ್ನೊಬ್ಬರ ಸ್ಟುಡಿಯೋದಲ್ಲಿ ಕಸ ಗುಡಿಸುತ್ತಾ ಕಸುಬು ಕಲಿತು, ಸ್ವಂತ ಬೋರ್ಡು ಹಾಕಿದವನು ನಾನು. "ಗದ್ದ ಸ್ವಲ್ಪ ಎತ್ರಿ" ಎಂದು ನನ್ನಿಂದ ಹೇಳಿಸಿಕೊಳ್ಳದ ಮನುಷ್ಯ ಈ ತಾಲ್ಲೂಕಿನಲ್ಲಿ ಸಿಗುವುದು ಕಷ್ಟ.

ಅಂಥ ನಾನು ಈ ವರ್ಷ ಮಿರರ್‌ಲೆಸ್ ಕ್ಯಾಮೆರಾ ತಂದೆ. ಅದರಲ್ಲೂ ಮೇಲ್ದರ್ಜೆಯದು. ಕಣ್ಣು ಎಲ್ಲಿದ್ದರೂ ತಾನೇ ಹುಡುಕಿ ಹಿಡಿಯುತ್ತದೆ, ಸದ್ದೇ ಮಾಡುವುದಿಲ್ಲ, ಇದರ ಲೆನ್ಸಿಗೆ ಬೇಕಾದವರು ಮಾತ್ರ ಉಳಿದು ಮಿಕ್ಕಿದ್ದೆಲ್ಲ ಬೆಣ್ಣೆಯ ಹಾಗೆ ಕರಗುತ್ತದೆ ಎಂದು ಬೆಂಗಳೂರಿನ ಅಂಗಡಿಯವನು ವರ್ಣಿಸಿದ. ದೋಷ ಏನಪ್ಪ ಎಂದು ಕೇಳಿದೆ. ಬ್ಯಾಟರಿ ಬೇಗ ಮುಗಿಯುತ್ತದೆ, ಅದೊಂದೇ ಎಂದ. ಪಾಪ, ಅವನಿಗೆ ನನ್ನ ಪರಿಚಯ ಇರಲಿಲ್ಲ!

ನನ್ನ ಹೆಂಡತಿ ರತ್ನಮ್ಮ ಎಸ್ಸೆಸ್ಸೆಲ್ಸಿ ಪಾಸು. ಹಳೆಯ ಕ್ಯಾಮೆರಾದೊಳಗೆ ಒಂದು ಕನ್ನಡಿ ಇರುತ್ತಿತ್ತು, ಇದರಲ್ಲಿ ಅದಿಲ್ಲ, ಅದೇ ಇದರ ಹೆಚ್ಚುಗಾರಿಕೆ ಎಂದು ಅವಳಿಗೆ ತಿಳಿಸಿ ಹೇಳಿದೆ.

"ಇಲ್ಲದಿರೋದಕ್ಕೆ ಇಷ್ಟು ದುಡ್ಡು ಕೊಟ್ಟು ಬಂದ್ರಾ?" ಎಂದಳು.

ಜೊತೆಗೆ ಬಂದಿದ್ದ ಪುಸ್ತಕವನ್ನು ಒಮ್ಮೆ ಓದಿ ನೋಡಿ ಎಂದೂ ಹೇಳಿದಳು. ಕೆಲಸ ಬರದವರು ಪುಸ್ತಕ ಓದುತ್ತಾರೆ ಎಂದು ಘೋಷಿಸಿ, ಅದನ್ನು ಅಲ್ಲಾಡುತ್ತಿದ್ದ ಮೇಜಿನ ಕಾಲಿಗೆ ಕೊಟ್ಟೆ. ಆಮೇಲೆ ಸಿಕ್ಕ ಸಿಕ್ಕ ಗುಂಡಿ ಒತ್ತಿ, ನಮ್ಮ ಮನೆಯ ಬೆಕ್ಕಿನ ಮೇಲೆ ಪ್ರಯೋಗ ನಡೆಸಿದೆ. ಮೊದಲು ಹಿಡಿಯಲಿಲ್ಲ. ಇನ್ನಷ್ಟು ಒತ್ತಿದೆ. ಬೆಕ್ಕಿನ ಕಣ್ಣಿನ ಮೇಲೆ ಹಸಿರು ಚೌಕವೊಂದು ಬಂದು ಕೂತಿತು. ಫೋಟೋದಲ್ಲಿ ಅದರ ಮೀಸೆಯ ಕೂದಲು ಒಂದೊಂದನ್ನೂ ಎಣಿಸಬಹುದಿತ್ತು. ಸ್ಟೇಟಸ್‌ಗೆ ಹಾಕಿದೆ, ಬೀದಿಯವರೆಲ್ಲ ಹೊಗಳಿದರು. ಅಲ್ಲಿಗೆ ನನ್ನ ವಿದ್ಯಾಭ್ಯಾಸ ಸಂಪೂರ್ಣವಾಯಿತು.

ಅದೇ ವಾರ ಯಲ್ಲದಕೆರೆಯಿಂದ ಮಾವನವರ ಫೋನ್ ಬಂತು. ನನ್ನ ಭಾಮೈದ ಸಿದ್ದೇಶನಿಗೆ ರಾಮಗಿರಿ ಕಡೆಯ ಸಂಬಂಧವೊಂದು ಕೂಡಿ ಬರುವ ಹಾಗಿತ್ತು. ನಮ್ಮ ಮಾವನವರದೂ ಕುರಿ ಸಾಕುವ ಮನೆ, ಹೆಣ್ಣಿನ ತಂದೆ ತಿಮ್ಮಣ್ಣನವರದೂ ಕುರಿ ಸಾಕುವ ಮನೆ. ಹಿಂದೆ ಎರಡು ಸಂಬಂಧ ತಪ್ಪಿಹೋಗಿದ್ದರಿಂದ ಮನೆಯವರೆಲ್ಲ ಇದರ ಮೇಲೆಯೇ ಜೀವ ಇಟ್ಟುಕೊಂಡಿದ್ದರು. ಮೊದಲು ಹುಡುಗನ ಮುಖ ನೋಡುತ್ತೇನೆ, ಆಮೇಲೆ ಮುಂದಿನ ಮಾತು ಎಂದು ಹುಡುಗಿ ಹೇಳಿದ್ದಳಂತೆ. ಅಂದರೆ ಇಡೀ ಮದುವೆ ನಿಂತಿದ್ದು ಒಂದು ಫೋಟೋದ ಮೇಲೆ. ಅದು ನಿಂತಿದ್ದು ನನ್ನ ಮೇಲೆ!

ಕ್ಯಾಮೆರಾ ಹೆಗಲಿಗೇರಿಸಿ, ರತ್ನಮ್ಮನನ್ನೂ ಕರೆದುಕೊಂಡು ಯಲ್ಲದಕೆರೆಗೆ ಹೋದೆ. ಬರೀ ಹುಡುಗನನ್ನು ನಿಲ್ಲಿಸಿ ತೆಗೆಯುವುದು ಸಾಮಾನ್ಯರ ಕೆಲಸ. ಮನೆತನದ ಗತ್ತೂ ಕಾಣಬೇಕೆಂದು ನಾನು ಅವರ ಮನೆಯ ಟಗರನ್ನು ತರಿಸಿದೆ. ಕಡಲೆಕಾಯಿ ಹಿಂಡಿ ತಿಂದು ಬೆಳೆದ ಭಾರಿ ಟಗರು. ಅದನ್ನು ಮುಂದೆ ನಿಲ್ಲಿಸಿ, ಸಿದ್ದೇಶನ ಕೈಗೆ ಉದ್ದನೆಯ ಹಗ್ಗ ಕೊಟ್ಟು ಒಂದಿಷ್ಟು ಹಿಂದಕ್ಕೆ ನಿಲ್ಲಿಸಿದೆ. ಅವನು ಎದೆ ಉಬ್ಬಿಸಿ, ಉಸಿರು ಬಿಗಿಹಿಡಿದು, ಟಕ್ ಎನ್ನುವುದನ್ನೇ ಕಾಯುತ್ತಾ ನಿಂತ. ಹುಡುಗ ಮಿಸುಕುತ್ತಾನೇನೋ ಎಂದು ಅತ್ತೆಯೂ ಮಾವನೂ ತಾವೂ ಉಸಿರು ಹಿಡಿದಿದ್ದರು. ಟಕ್ ಎನ್ನಲೇ ಇಲ್ಲ. ಅವನ ಮುಖ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು.

"ಭಾವ, ತೆಗೀತೀಯೋ, ಸಾಯ್ಲೋ?"

"ಆಗ್ಲೇ ಇಪ್ಪತ್ತು ತೆಗ್ದಾಯ್ತು ಕಣೋ. ಇದು ಸದ್ದು ಮಾಡಲ್ಲ."

ಮೂವರೂ ಒಟ್ಟಿಗೆ ಉಸಿರು ಬಿಟ್ಟರು. ಟಗರು ಬೆದರಿತು.

ಹಸಿರು ಚೌಕ ಒಂದು ಕಣ್ಣಿನ ಮೇಲೆ ಗಟ್ಟಿಯಾಗಿ ಕೂತಿದ್ದನ್ನು ನಾನು ಕಂಡಿದ್ದೆ. ಯಾರ ಕಣ್ಣು ಎಂದು ವಿಚಾರಿಸಲಿಲ್ಲ. ಕನ್ನಡಕ ಹಾಕಿದರೆ ವಯಸ್ಸಾಯಿತು ಎನ್ನುತ್ತಾರೆಂದು ನಾನು ಅದನ್ನು ಹಾಕುವುದೂ ಇಲ್ಲ. ಕ್ಯಾಮೆರಾದಿಂದ ಮೊಬೈಲಿಗೆ, ಮೊಬೈಲಿನಿಂದ ರಾಮಗಿರಿಗೆ, ನಿಂತ ಜಾಗದಲ್ಲೇ ಕಳಿಸಿಬಿಟ್ಟೆ. ಇದೂ ಆ ಕ್ಯಾಮೆರಾದ ಒಂದು ಸದ್ಗುಣ.

ಕಾಫಿ ಕುಡಿಯುವಷ್ಟರಲ್ಲಿ ತಿಮ್ಮಣ್ಣನವರ ಫೋನ್ ಬಂತು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಫೋಟೋ ಬಂತ್ರಿ. ಭಾಳ ಚೆನ್ನಾಗೈತೆ. ಎರಡು ಹಲ್ಲಿಂದಾ, ನಾಕು ಹಲ್ಲಿಂದಾ?"

ಕುರಿಯ ವಯಸ್ಸನ್ನು ಹಲ್ಲಿನಿಂದ ಲೆಕ್ಕ ಹಾಕುತ್ತಾರೆ. ಹುಡುಗನ ವಯಸ್ಸನ್ನಲ್ಲ! ರತ್ನಮ್ಮ ಫೋನ್ ಕಿತ್ತುಕೊಂಡು ಫೋಟೋ ನೋಡಿದಳು. ಟಗರಿನ ರೆಪ್ಪೆಗಳನ್ನು ಎಣಿಸಬಹುದಿತ್ತು. ಹಿಂದೆ ಹಗ್ಗ ಹಿಡಿದಿದ್ದ ಬಿಳಿ ಮೋಡವೇ ಅವಳ ತಮ್ಮ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಬೆಣ್ಣೆಯ ಹಾಗೆಯೇ ಕರಗಿದ್ದ.

ಸಿದ್ದೇಶ ಅಲ್ಲಾಡಿದ್ದಾನೆ ಎಂದು ತೀರ್ಪು ಕೊಟ್ಟು, ಟಗರನ್ನು ಹಟ್ಟಿಗೆ ಅಟ್ಟಿಸಿ, ಅವನೊಬ್ಬನನ್ನೇ ಜಗಲಿಯ ಮುಂದೆ ನಿಲ್ಲಿಸಿ ಇನ್ನೊಮ್ಮೆ ತೆಗೆದೆ. ಹಸಿರು ಚೌಕ ಸ್ವಲ್ಪ ಹೊತ್ತು ಅಲೆದಾಡಿ, ಕೊನೆಗೆ ಎಲ್ಲೋ ಒಂದು ಕಡೆ ನೆಲೆ ನಿಂತಿತು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲರೂ ಚೆಂದವೇ ಕಾಣುತ್ತಾರೆ. ಕಳಿಸಿದೆ.

ಈ ಸಲ ತಿಮ್ಮಣ್ಣನವರ ದನಿ ತಗ್ಗಿತ್ತು.

"ಏನೂ ತಿಳ್ಕಬ್ಯಾಡ್ರಿ. ಹುಡುಗನ ಮಖದಾಗೆ ಏನಾರ ಐಬು ಐತಾ? ಎರಡು ಸರ್ತಿನೂ ಮಸುಕು ಮಾಡಿ ಕಳ್ಸೀರಲ್ಲ. ನಾಯಿ ಏನೋ ಚೆನ್ನಾಗಿ ಕಾಣ್ತೈತೆ."

ಜಗಲಿಯ ಮೂಲೆಯಲ್ಲಿ ಮಲಗಿದ್ದ ನಾಯಿ ಒಂದೇ ಒಂದು ಕಣ್ಣನ್ನು ಅರ್ಧ ತೆರೆದಿತ್ತು. ಆ ಅರ್ಧ ಕಣ್ಣನ್ನು ಕ್ಯಾಮೆರಾ ಹುಡುಕಿ ಹಿಡಿದಿತ್ತು! ಎರಡು ಕಣ್ಣೂ ಅಗಲಿಸಿಕೊಂಡು ಎದುರಿಗೇ ನಿಂತಿದ್ದ ಆರಡಿ ಹುಡುಗ ಅದಕ್ಕೆ ಲೆಕ್ಕಕ್ಕೇ ಇರಲಿಲ್ಲ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾವನವರು ನನ್ನನ್ನು ನೋಡದೆ ಗೋಡೆ ನೋಡಿದರು. ರತ್ನಮ್ಮ ಕ್ಯಾಮೆರಾ ಕಸಿದುಕೊಂಡು ಪರದೆಯನ್ನು ಮೂಗಿನ ಹತ್ತಿರ ಹಿಡಿದಳು.

"ರೀ, ಈ ಮೂಲೇಲಿ ಒಂದು ನಾಯಿ ತಲೆ ಚಿತ್ರ ಐತಲ್ಲ, ಏನಿದು?"

ಕಂಪನಿಯ ಗುರುತು ಎಂದೆ. ನಾನು ಹಾಗೆಯೇ ತಿಳಿದಿದ್ದೆ. ಅವಳು ಅದನ್ನು ಒತ್ತಿದಳು. ಯಾರ ಕಣ್ಣು ಹಿಡಿಯಬೇಕೆಂದು ಕೇಳುತ್ತಾ ಮನುಷ್ಯರು, ಪ್ರಾಣಿಗಳು, ಹಕ್ಕಿಗಳು ಎಂದು ಮೂರು ಸಾಲು ಬಂದವು. ಬೆಕ್ಕಿನ ದಿನ ಸಿಕ್ಕ ಸಿಕ್ಕ ಗುಂಡಿ ಒತ್ತುವಾಗ ನನಗೇ ತಿಳಿಯದೆ ಎರಡನೆಯದನ್ನು ಹಾಕಿ, ಅಲ್ಲೇ ಬಿಟ್ಟಿದ್ದೆ.

"ನನ್ನ ತಮ್ಮನ ಮದುವೆ ಮುರೀಲಿ, ಆಮೇಲೆ ಐತೆ ನಿಮಗೆ. ಅಡಿಗೆ ಮನೆ ಹೊಸ್ಲು ತುಳಿಯಂಗಿಲ್ಲ" ಎಂದಳು. ದನಿ ಏರಿಸಲಿಲ್ಲ. ಅದೇ ಭಯ.

ಮನುಷ್ಯರ ಸಾಲಿಗೆ ಬದಲಿಸಿ ಮೂರನೆಯ ಫೋಟೋ ತೆಗೆದೆ. ಮೊಬೈಲಿಗೆ ದಾಟಿಸಿದ ಕ್ಷಣಕ್ಕೇ ಬ್ಯಾಟರಿ ಮುಗಿಯಿತು, ಆದರೆ ಫೋಟೋ ಬಂದಿತ್ತು. ಎಂಥ ಫೋಟೋ! ಹುಬ್ಬು, ಮೀಸೆ, ಕೆನ್ನೆಯ ಕುಳಿ, ಎಲ್ಲ ಕಡೆದಿಟ್ಟ ಹಾಗೆ. ಗರ್ವದಿಂದ ಕಳಿಸಿದೆ. ಮತ್ತೆ ತಿಮ್ಮಣ್ಣನವರ ಫೋನ್ ಬಂತು.

"ಇಷ್ಟು ಚೆಂದದ ಹುಡುಗ ಇದ್ದಿದ್ರೆ ಮೊದ್ಲೇ ಕಳಿಸ್ತಿದ್ರಿ. ಇವ್ನು ಬ್ಯಾರೆ ಯಾರೋ. ನಾಳೆ ನಾವೇ ಬರ್ತೀವಿ."

ಮರುದಿನ ಒಂದು ಗಾಡಿ ತುಂಬ ಜನ ಬಂದಿಳಿದರು, ಹುಡುಗಿಯನ್ನೂ ಕರೆದುಕೊಂಡೇ. ಹುಡುಗಿ ನೋಡಲು ನಾವು ಹೋಗುವುದು ಬಿಟ್ಟು ಅವಳೇ ಹುಡುಗನ ತಪಾಸಣೆಗೆ ಬಂದಳಲ್ಲ ಎಂದು ಊರವರಿಗೆ ಆಶ್ಚರ್ಯ. ತಿಮ್ಮಣ್ಣನವರು ಸಿದ್ದೇಶನನ್ನು ಬಿಸಿಲಿಗೆ ಕರೆದು, ಗದ್ದ ಹಿಡಿದು ಮುಖವನ್ನು ಆಚೆಗೂ ಈಚೆಗೂ ತಿರುಗಿಸಿದರು. ಬಾಯಿ ತೆಗೆಸುತ್ತಾರೇನೋ ಎಂದು ನಾನು ಹೆದರಿದೆ. ಹುಡುಗಿ ಒಂದು ಸಲ ನೋಡಿ, ನಕ್ಕು, ಅವರಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಅತ್ತೆಯ ಮುಖ ಅರಳಿತು.

ಎಲ್ಲರೂ ಚಾಪೆಯ ಮೇಲೆ ಕುಳಿತ ಮೇಲೆ ತಿಮ್ಮಣ್ಣನವರು ಗಂಟಲು ಸರಿ ಮಾಡಿಕೊಂಡರು.

"ಹುಡುಗ ನಮಗೆ ಒಪ್ಪಿಗೆ. ಆದ್ರೆ ನಮ್ದೊಂದು ಷರತ್ತು ಐತೆ."

ಮಾವನವರು ಬೆವರಿದರು. ಚಿನ್ನವೋ, ಛತ್ರದ ಖರ್ಚೋ ಎಂದು ಎಲ್ಲರೂ ಮುಖ ಮುಖ ನೋಡಿಕೊಂಡರು.

"ಮದ್ವೆ ಫೋಟೋ ನಿಮ್ಮ ಅಳಿಯಂದ್ರು ತೆಗೀಬಾರ್ದು."

ನಮ್ಮ ಕಡೆ ಮಾತುಕತೆಗೆ ಕೂತರೆ ಊಟದ ಎಲೆಗೂ ಚೌಕಾಸಿ ನಡೆಯುತ್ತದೆ. ಈ ಷರತ್ತಿಗೆ ಎದುರು ಮಾತೇ ಬರಲಿಲ್ಲ. ಮಾವನವರು ಬಾಯಿ ತೆರೆಯುವ ಮೊದಲೇ, "ಅದಕ್ಕೇನಂತೆ, ಆಗ್ಲಿ ಬಿಡ್ರಿ" ಎಂದು ಎದ್ದು ನಿಂತು ಒಪ್ಪಿಕೊಂಡವಳು ನನ್ನ ಧರ್ಮಪತ್ನಿ.