ಶಾಂತಾ ಆಂಟಿಯ ಮಾತಿಗೆ ನನ್ನ ಇಂಗ್ಲಿಷು

ನನಗೆ ಕಾರಿನಲ್ಲಿ ಬಟನ್ ಕಂಡರೆ ಆಗುವುದಿಲ್ಲ. ಕೆಲವರಿಗೆ ಜಿರಳೆ ಕಂಡರೆ ಆಗದು ನೋಡಿ, ಹಾಗೆ. ನನ್ನ ಪುಣ್ಯಕ್ಕೆ ಉದ್ಯೋಗವೂ ಅಂಥದ್ದೇ ಸಿಕ್ಕಿದೆ. ಷಿಕಾಗೋದಿಂದ ನಾಲ್ಕೈದು ಗಂಟೆ ದಾರಿಯ ಪ್ಲಿಮತ್‌ನ ಒಂದು ಕಂಪನಿಯಲ್ಲಿ, ಎಲೆಕ್ಟ್ರಿಕ್ ಕಾರಿನ ಟಚ್‌ಸ್ಕ್ರೀನಿನಲ್ಲಿ ಯಾವುದು ಎಲ್ಲಿರಬೇಕು ಎಂದು ತೀರ್ಮಾನಿಸುವ ತಂಡಕ್ಕೆ ನಾನು ಮುಖ್ಯಸ್ಥ. ಹಳೆಯ ಮಾಡೆಲಿನ ಡ್ಯಾಶ್‌ಬೋರ್ಡಿನ ತುಂಬ ಬಟನ್‌ಗಳಿದ್ದವು. ಮೂರು ವರ್ಷ ಕೂತು ಒಂದೊಂದನ್ನೇ ಹಿಡಿದು ಸ್ಕ್ರೀನಿನೊಳಗೆ ತಳ್ಳಿದೆ. ಅಷ್ಟಕ್ಕೂ ತೃಪ್ತಿಯಾಗದೆ ಸ್ಕ್ರೀನಿನ ಮೇಲೂ ಏನೂ ಕಾಣದ ಹಾಗೆ ಮಾಡಿದೆ. ಮುಟ್ಟಿದರೆ ಒಂದು ಮೆನು ಬರುತ್ತದೆ, ಆ ಮೆನು ಮುಟ್ಟಿದರೆ ಇನ್ನೊಂದು ಮೆನು ಬರುತ್ತದೆ. ನೋಡಿದವರು ಬೆರಗಾಗಬೇಕು, ಹಾಗಿತ್ತು! ಬೆರಗಾದರು ಕೂಡ. ಯಾಕೆ ಬೆರಗಾದರು ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಹೊಸ ಸ್ಕ್ರೀನ್ ಕಾರಿಗೆ ಹೋಗುವ ಮೊದಲು ಅದಕ್ಕೊಂದು ಪರೀಕ್ಷೆ ಇರುತ್ತದೆ. ಅದನ್ನು ನಾವು ಕ್ಲಿನಿಕ್ ಎನ್ನುತ್ತೇವೆ. ಕಾರಿನ ಮುಂದಿನ ಅರ್ಧ ಭಾಗವನ್ನು ಕತ್ತರಿಸಿ ಒಂದು ಕೋಣೆಯಲ್ಲಿ ಕೂರಿಸಿರುತ್ತಾರೆ. ಎದುರಿನ ಗೋಡೆಯ ಮೇಲೆ ಹಿಮ ಬೀಳುವ ರಸ್ತೆಯ ಚಿತ್ರ ಓಡುತ್ತಿರುತ್ತದೆ, ಸ್ಟೀರಿಂಗ್ ತಿರುಗಿಸಿದಂತೆ ಅದೂ ತಿರುಗುತ್ತದೆ. ಹೊರಗಿನಿಂದ ಕರೆಸಿದ ಸಾಮಾನ್ಯ ಜನ ಒಬ್ಬೊಬ್ಬರಾಗಿ ಬಂದು ಅದರಲ್ಲಿ ಕೂತು, ಹೇಳಿದ ಕೆಲಸ ಮಾಡುತ್ತ, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಗಾಜಿನ ಆಚೆ ನಾವು ಕೂತು ಕೇಳಿಸಿಕೊಳ್ಳುತ್ತೇವೆ, ಒಬ್ಬ ಅದನ್ನೆಲ್ಲ ಟೈಪ್ ಮಾಡುತ್ತಾನೆ. ಒಟ್ಟು ಎಂಟು ಜನ. ಐದು ಜನ ಒಪ್ಪಿದರೆ ಸ್ಕ್ರೀನ್ ಪಾಸು. ಒಪ್ಪದಿದ್ದರೆ ಹಳೆಯ ಬಟನ್‌ಗಳೇ ಮುಂದುವರಿಯುತ್ತವೆ, ನನ್ನ ಮೂರು ವರ್ಷ ನೀರಿಗೆ.

ಏಳು ಜನ ಬಂದು ಹೋದರು. ಒಬ್ಬ ಪ್ಲಂಬರ್ ರೇಡಿಯೋ ಹುಡುಕುತ್ತ ಸೀಟಿನ ಹೀಟರ್ ಪೂರ್ತಿ ಹಾಕಿಕೊಂಡು, ಅದನ್ನು ಆರಿಸಲು ತಿಳಿಯದೆ ಬೆವರಿ ಎದ್ದ. ಒಬ್ಬ ನಿವೃತ್ತ ಟೀಚರಮ್ಮ ಸ್ಕ್ರೀನಿಗೇ ಸಾರಿ ಕೇಳಿದರು. ಒಬ್ಬ ಬೈದ ಮಾತನ್ನು ಟೈಪ್ ಮಾಡುವವನು ಟೈಪ್ ಮಾಡಲಿಲ್ಲ. ಆದರೂ ದೇವರು ದೊಡ್ಡವನು, ನಾಲ್ಕು ಜನ ಒಪ್ಪಿದರು. ಮೂವರು ಒಪ್ಪಲಿಲ್ಲ. ಇನ್ನು ಒಂದೇ ಒಂದು ವೋಟು ಬೇಕು. ಆ ಎಂಟನೆಯವನು ಫ್ಲೂ ಬಂದಿದೆ ಎಂದು ಫೋನ್ ಮಾಡಿದ.

ನಮ್ಮ ಬಾಸ್ ಲಿಂಡಾ ಮುಂದಿನ ತಿಂಗಳಿಗೆ ಹಾಕೋಣ ಎಂದಳು. ನನಗೆ ತಡೆಯಲಾಗಲಿಲ್ಲ. ತಕ್ಷಣ ಶಾಂತಾ ಆಂಟಿಯ ನೆನಪಾಯಿತು. ಶಾಂತಾ ಆಂಟಿ ಧಾರವಾಡದವರು, ಷಿಕಾಗೋ ಪಕ್ಕದ ಲೊಂಬಾರ್ಡ್‌ನಲ್ಲಿ ಮೂವತ್ತು ವರ್ಷ ಮಕ್ಕಳ ಡಾಕ್ಟರಾಗಿದ್ದು ರಿಟೈರ್ ಆದವರು. ಅವರ ಮಗಳ ಮನೆ ಇಲ್ಲೇ ನೋವೈಯಲ್ಲಿ, ನಮ್ಮ ಬಡಾವಣೆಯಲ್ಲೇ ಇದೆ. ತಿಂಗಳಿಗೊಮ್ಮೆ ಅಲ್ಲಿಂದ ಒಬ್ಬರೇ ಎಲೆಕ್ಟ್ರಿಕ್ ಕಾರು ಓಡಿಸಿಕೊಂಡು ಬರುತ್ತಾರೆ. ಆ ವಾರ ಇಲ್ಲೇ ಇದ್ದರು. ನನ್ನನ್ನು ಕಂಡರೆ ಅವರಿಗೆ ಬಹಳ ಪ್ರೀತಿ. ಕಂಪನಿಯವರ ನೆಂಟರನ್ನು ಕರೆಸುವ ಹಾಗಿಲ್ಲ ಎಂದು ಲಿಂಡಾ ಎಚ್ಚರಿಸಿದಾಗ, ಇವರು ಆಂಟಿ, ಆದರೆ ನನ್ನ ಆಂಟಿಯಲ್ಲ ಎಂದು ವಿವರಿಸುವಷ್ಟರಲ್ಲಿ ಸಾಕುಸಾಕಾಯಿತು.

ಮನೆಗೆ ಬಂದು ಹೇಳಿದರೆ ಹೆಂಡತಿ ಮಾಲಾ ಹುಳಿ ಕಲಕುವುದನ್ನು ನಿಲ್ಲಿಸಿದಳು.

"ರೀ, ಆಂಟಿ ಮುಲಾಜು ನೋಡೋರಲ್ಲ. ಬೇರೆ ಯಾರನ್ನಾದ್ರೂ ಕರೀರಿ."

ಅದು ನನಗೂ ಗೊತ್ತಿತ್ತು. ಅದಕ್ಕೇ ಒಂದು ಉಪಾಯ ಮಾಡಿದ್ದೆ. ಜನ ಯೋಚಿಸುವುದು ತಾಯ್ನುಡಿಯಲ್ಲಿ, ಆದ್ದರಿಂದ ಈ ಮಹಿಳೆ ಕನ್ನಡದಲ್ಲೇ ಮಾತಾಡಲಿ, ನಾನು ಅಲ್ಲೇ ಕೂತು ಇಂಗ್ಲಿಷಿಗೆ ಹೇಳುತ್ತ ಹೋಗುತ್ತೇನೆ ಎಂದು ಲಿಂಡಾಗೆ ಗಂಭೀರವಾಗಿ ನಿವೇದಿಸಿದ್ದೆ. ಲಿಂಡಾಗೆ ಹೊಸ ವಿಚಾರ ಎಂದರೆ ಪ್ರಾಣ. ಕುಣಿದಾಡಿಬಿಟ್ಟಳು. ಆಂಟಿ ಹೊಗಳಿದರೆ ಹೊಗಳಿದ ಹಾಗೆ ಹೇಳುವುದು, ಬೈದರೆ ಸ್ವಲ್ಪ ಒಪ್ಪ ಮಾಡಿ ಹೇಳುವುದು. ಇದರಲ್ಲಿ ಯಾರಿಗೇನು ನಷ್ಟ?

ಮಾರನೆಯ ದಿನ ಆಂಟಿ ಸ್ನೋ ಬೂಟು, ಕೈಗೆ ದಪ್ಪನೆಯ ಉಣ್ಣೆ ಗವಸು ಹಾಕಿಕೊಂಡು, ಎಲ್ಲರಿಗೂ ಇರಲಿ ಎಂದು ಒಂದು ಡಬ್ಬಿ ಚಕ್ಕುಲಿ ಹಿಡಿದು ಬಂದರು. ಬಾಗಿಲಲ್ಲೇ ಅವರ ಕಿವಿಯಲ್ಲಿ, ಇವರಿಗೆ ಕನ್ನಡ ಕೇಳಬೇಕಂತೆ ಆಂಟಿ, ಇಂಗ್ಲಿಷ್ ಒಂದಕ್ಷರ ಬೇಡ ಎಂದು ಊದಿದೆ. ಆಗಲಿ ಎಂದು ಅರ್ಧ ಕಾರಿನಲ್ಲಿ ಹೋಗಿ ಕೂತರು. ನಾನು ಗಾಜಿನ ಆಚೆ, ಕಿವಿಗೆ ಹೆಡ್‌ಫೋನ್, ಬಾಯಿಯ ಮುಂದೆ ಮೈಕು. ಪಕ್ಕದಲ್ಲಿ ಲಿಂಡಾ, ಆಚೆ ಪಕ್ಕದಲ್ಲಿ ನಾನು ಹೇಳಿದ್ದನ್ನು ಟೈಪ್ ಮಾಡುವವನು. ನಮ್ಮ ಮಾತು ಗಾಜಿನೊಳಗೆ ಆಂಟಿಗೆ ಕೇಳಿಸುವುದಿಲ್ಲ.

ಮೊದಲ ಕೆಲಸ, ಮುಂದಿನ ಗಾಜಿಗೆ ಮಂಜು ಕವಿದಿದೆ, ಅದನ್ನು ತೆಗೆಯಬೇಕು. ಆಂಟಿ ಸ್ಕ್ರೀನನ್ನು ಅತ್ತಿಂದಿತ್ತ ನೋಡಿದರು.

"ಇದೇನಪಾ, ಎಲ್ಲಾ ತಗದು ಬರೇ ಗ್ವಾಡಿ ಇಟ್ಟಾರಲ್ಲ."

ಬಹಳ ಸ್ವಚ್ಛವಾಗಿದೆ ಎನ್ನುತ್ತಿದ್ದಾರೆ ಎಂದೆ. ಲಿಂಡಾ ತಲೆಯಾಡಿಸಿದಳು. ಆಂಟಿ ಗವಸಿನ ಬೆರಳಲ್ಲಿ ಒತ್ತಿದರು. ಏನೂ ಆಗಲಿಲ್ಲ. ಗವಸು ತೆಗೆದು ಒತ್ತಿದರು, ಮೆನು ಬಂತು. ಒಂದು ಮೆನು, ಎರಡು ಮೆನು, ಮೂರನೆಯದರಲ್ಲಿ ಯಾವುದನ್ನು ಮುಟ್ಟಿದರೋ, ಅವರ ಸೀಟು ಮೆಲ್ಲಗೆ ಹಿಂದಕ್ಕೆ ಬಾಗತೊಡಗಿತು. ಬಾಗಿ ಬಾಗಿ ಆಂಟಿ ಪೂರ್ತಿ ಮಲಗಿದ ಹಾಗಾದರು. ಬೆನ್ನಿಗೆ ಮಸಾಜ್ ಬೇರೆ ಶುರುವಾಯಿತು. ಛಾವಣಿ ನೋಡುತ್ತ, ನಡುಗುವ ದನಿಯಲ್ಲಿ, ನನ್ನನ್ನು ಎಬ್ಬಿಸುವವರು ಯಾರೂ ಇಲ್ಲವೇ ಎಂದು ಕೇಳಿದರು. ಅವರಿಗೆ ತುಂಬ ಹಾಯೆನಿಸುತ್ತಿದೆ ಎಂದು ಅನುವಾದಿಸಿದೆ.

ಸೀಟನ್ನು ಹೇಗೋ ಮೇಲೆತ್ತಿಕೊಂಡು ಕೂತವರು ಈ ಸಲ ಎರಡು ನಿಮಿಷ ಬಿಡದೆ ಮಾತಾಡಿದರು. ಇದನ್ನು ಮಾಡಿದವನು ಜನ್ಮದಲ್ಲಿ ಒಮ್ಮೆಯಾದರೂ ಹಿಮದಲ್ಲಿ ಕಾರು ಓಡಿಸಿದ್ದಾನೆಯೇ, ಅವನಿಗೆ ಕೈಕಾಲು ಇದೆಯೇ, ಅವನ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ ಎಂದು ನನ್ನ ವಂಶವನ್ನೇ ವಿಚಾರಿಸಿದರು. ಮಾಡಿದವನು ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಮೈಕಿನಲ್ಲಿ, ಇಷ್ಟವಾಗಿದೆ ಎಂದೆ. ಅಷ್ಟು ಹೊತ್ತು ಮಾತಾಡಿದರಲ್ಲ ಎಂದಳು ಲಿಂಡಾ. ನಮ್ಮ ಭಾಷೆ ಸ್ವಲ್ಪ ಉದ್ದ ಎಂದೆ. ಅಷ್ಟರಲ್ಲಿ ಆಂಟಿ ಕಣ್ಣು ಸ್ಕ್ರೀನಿನಲ್ಲೇ ಇಟ್ಟುಕೊಂಡದ್ದರಿಂದ ಗೋಡೆಯ ಮೇಲಿನ ಚಿತ್ರದಲ್ಲಿ ಕಾರು ರಸ್ತೆ ಬಿಟ್ಟು, ಯಾರದೋ ಮನೆಯ ಅಂಚೆಪೆಟ್ಟಿಗೆಗೆ ಗುದ್ದಿ, ಹಿಮದ ಗುಡ್ಡೆಯಲ್ಲಿ ಹೂತು ನಿಂತಿತು. ಅದನ್ನು ಯಾವ ಭಾಷೆಗೂ ಅನುವಾದಿಸಲು ಬರುವುದಿಲ್ಲ. ಲಿಂಡಾ ಕಣ್ಣಾರೆ ನೋಡಿದಳು.

ಆಂಟಿ ಸ್ಟೀರಿಂಗ್ ಬಿಟ್ಟು ಕೈಕಟ್ಟಿ ಕೂತರು. ಸಿಟ್ಟೆಲ್ಲ ಇಳಿದ ದನಿಯಲ್ಲಿ ಹೇಳಿದರು.

"ಉಸಿರು ಕಟ್ಟಿದ ಕೂಸನ್ನ ತಗೊಂಡು ಬರ್ತಾರ ನೋಡು, ಆವಾಗ ಆಕ್ಸಿಜನ್ ಎಲ್ಲದ ಅಂತ ನಾ ಮೆನುದಾಗ ಹುಡುಕ್ಲಿಕ್ಕೆ ಆಗ್ತದೇನು? ಕಣ್ಣು ಕೂಸಿನ ಮ್ಯಾಲೆ ಇರಬೇಕು. ಕೈ ತಾನಾ ಹೋಗಬೇಕು. ಗಾಡಿನೂ ಹಂಗ ಅಲ್ಲೇನು?"

ಮೂರು ವರ್ಷದಲ್ಲಿ ಎಷ್ಟೋ ಮೀಟಿಂಗ್ ಮಾಡಿದ್ದೆವು, ಈ ಮಾತು ಯಾರೂ ಆಡಿರಲಿಲ್ಲ. ಆಂಟಿ ಹೇಳುವುದು ನಿಜ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಲಿಂಡಾ ನನ್ನ ಮುಖ ನೋಡುತ್ತಿದ್ದಳು. ಟೈಪ್ ಮಾಡುವವನು ಬೆರಳು ಎತ್ತಿಕೊಂಡು ಕಾಯುತ್ತಿದ್ದ. ಒಂದೇ ಒಂದು ವೋಟು!

ಮಕ್ಕಳಿಗೂ ಸುಲಭ ಎನ್ನುತ್ತಿದ್ದಾರೆ, ಎಂದೆ.

ಇಷ್ಟು ಮಾಡಿದ ಮೇಲೆ ಮುಗಿಯಿತು, ಆಂಟಿಗೆ ಚಹಾ ಕುಡಿಸಿ ಮನೆಗೆ ಬಿಡುವುದಷ್ಟೇ ಎಂದುಕೊಂಡೆ. ಅಂಚೆಪೆಟ್ಟಿಗೆಗೆ ಗುದ್ದಿಯೂ ಇಷ್ಟು ಮೆಚ್ಚಿದ್ದಾರಲ್ಲ ಎಂದು ಲಿಂಡಾಗೆ ಸ್ವಲ್ಪ ಆಶ್ಚರ್ಯವಾಗಿತ್ತು, ಆದರೂ ಹೌದು ಎಂದೇ ಬರೆದುಕೊಂಡಳು. ಟೈಪ್ ಮಾಡುವವನು ಮೂರು ಹಾಳೆ ಪ್ರಿಂಟ್ ತೆಗೆದು ತಂದ. ಬಂದವರು ತಾವು ಹೇಳಿದ್ದನ್ನು ಓದಿ ನೋಡಿ ಸಹಿ ಹಾಕಬೇಕಂತೆ. ಹಿಂದಿನ ಏಳು ಜನರೂ ಹಾಕಿದ್ದರು. ಆ ಏಳು ಸಲವೂ ನಾನು ಕಾಫಿಗೆ ಹೋಗಿದ್ದೆ!

ಲಿಂಡಾ ಆ ಹಾಳೆಗಳನ್ನು ಆಂಟಿಯ ಮುಂದಿಟ್ಟು, ಕೈಸನ್ನೆ ಮಾಡಿ, ಒಂದೊಂದೇ ಪದ ಬಿಡಿಸಿ ಬಿಡಿಸಿ, ಓದಲು ಬರುತ್ತದೆಯೇ ಎಂದು ಕೇಳಿದಳು. ಆಂಟಿ ಕನ್ನಡಕ ಏರಿಸಿ, ಧಾರಾಳವಾಗಿ ಬರುತ್ತದೆ, ಮೂವತ್ತು ವರ್ಷ ಲೊಂಬಾರ್ಡ್‌ನ ಆಸ್ಪತ್ರೆಯಲ್ಲಿ ಅದೇ ಕೆಲಸ ಮಾಡಿದ್ದು, ನಿಮಗೆ ಕನ್ನಡ ಕೇಳುವ ಆಸೆ ಎಂದು ಈ ಹುಡುಗ ಹೇಳಿದ್ದಕ್ಕೆ ಸುಮ್ಮನಿದ್ದೆ ಎಂದು ಸುಲಲಿತ ಇಂಗ್ಲಿಷಿನಲ್ಲಿ ಉತ್ತರಿಸಿದರು. ಈ ಹುಡುಗನಿಗೆ ಆಗ ನಲವತ್ತೇಳು ವರ್ಷ. ಲಿಂಡಾ ಈ ಹುಡುಗನನ್ನು ನೋಡಿದಳು. ಈ ಹುಡುಗ ಚಕ್ಕುಲಿ ಡಬ್ಬಿಯನ್ನು ನೋಡಿದ.

ಆಂಟಿ ಓದತೊಡಗಿದರು. ಮೊದಲ ಹಾಳೆ ಓದಿ ಬ್ಯಾಗಿನಿಂದ ಪೆನ್ನು ತೆಗೆದರು. ರೋಗಿಯ ಕೇಸ್ ಶೀಟ್ ತಿದ್ದುವ ಹಾಗೆ ಒಂದೊಂದು ಸಾಲಿನ ಮೇಲೂ ನೇರವಾಗಿ ಗೀಟು ಎಳೆದು, ಪಕ್ಕದಲ್ಲಿ ಪುಟ್ಟ ಸಹಿ ಹಾಕಿ, ಮೇಲೆ ತಾವು ನಿಜವಾಗಿ ಹೇಳಿದ್ದನ್ನು ಬರೆದರು. ಡಾಕ್ಟರರ ಅಕ್ಷರ ಯಾರಿಗೂ ಅರ್ಥವಾಗುವುದಿಲ್ಲ ಎನ್ನುತ್ತಾರಲ್ಲ, ಅದೊಂದೇ ನನಗೆ ಉಳಿದ ಆಸೆಯಾಗಿತ್ತು. ಇವರದು ಮುತ್ತು ಪೋಣಿಸಿದ ಹಾಗಿತ್ತು. ಮೂರು ಹಾಳೆ ಮುಗಿಸಿ ಪೆನ್ನು ಮುಚ್ಚಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು.

"ನಿನ್ನ ಇಂಗ್ಲಿಷ್ ಭಾಳ ಛಲೋ ಅದ ರಘು. ನಾ ಇಷ್ಟು ಛಂದ ಮಾತಾಡ್ತೀನಿ ಅಂತ ನನಗೇ ಗೊತ್ತಿರಲಿಲ್ಲ."

ಏನು ಹೇಳಿದರು ಎಂದು ಲಿಂಡಾ ನನ್ನನ್ನೇ ಕೇಳಿದಳು. ಹೆಡ್‌ಫೋನ್ ಇನ್ನೂ ಕೊರಳಲ್ಲಿತ್ತು. ರಘು ಸುಳ್ಳು ಹೇಳಿದ ಎನ್ನುತ್ತಿದ್ದಾರೆ, ಎಂದೆ. ಆ ದಿನ ನಾನು ಮಾಡಿದ ಒಂದೇ ಸರಿಯಾದ ಅನುವಾದ ಅದು.

ಭೂಮಿ ಬಾಯಿ ಬಿಡಲಿಲ್ಲ, ಕಾರ್ಪೆಟ್ ಗಟ್ಟಿಯಾಗಿತ್ತು. ಲಿಂಡಾ ನನ್ನನ್ನು ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಆಂಟಿಯ ತಿದ್ದಿದ ಹಾಳೆಗಳನ್ನು ಓದಿ, ಇದು ರಘುವಿನ ಮೂರು ವರ್ಷದ ಕೆಲಸ, ಹಾಗಾದರೆ ನಿಮ್ಮ ವೋಟು ಇಲ್ಲ ಎಂದಾಯಿತಲ್ಲವೇ ಎಂದು ಅವರನ್ನು ಕೇಳಿದಳು. ಆಂಟಿ ಯೋಚಿಸಿದರು. ಹುಡುಗ ಪಾಪ ಕಷ್ಟಪಟ್ಟಿದ್ದಾನೆ, ಆ ಗಾಜಿನ ಮಂಜು ತೆಗೆಯಲು ಒಂದೇ ಒಂದು ತಿರುಗಿಸುವ ನಾಬ್ ಇಟ್ಟುಬಿಡಿ, ಗವಸು ಹಾಕಿದ ಕೈಗೆ ಸಿಗುವಷ್ಟು ದಪ್ಪ ಇರಲಿ, ಆಗ ನನ್ನ ವೋಟು ಹೌದು ಎಂದರು.

ನನ್ನ ಖಾಲಿ ಡ್ಯಾಶ್‌ಬೋರ್ಡಿನ ನಟ್ಟನಡುವೆ ನಾಬ್! ಸುಳ್ಳು ಹೇಳಿ ಸಿಕ್ಕಿಬಿದ್ದವನಿಗೆ ಎಷ್ಟು ನಾಚಿಕೆ ಇರಬೇಕೋ ಅದನ್ನೂ ಬಿಟ್ಟು ಒಂದು ಗಂಟೆ ವಾದ ಮಾಡಿದೆ. ಅಂದ ಕೆಡುತ್ತದೆ ಎಂದೆ, ಜನ ನಗುತ್ತಾರೆ ಎಂದೆ. ಕಡೆಗೆ ಲಿಂಡಾ ನನಗೆ ಎರಡೇ ದಾರಿ ಕೊಟ್ಟಳು: ನಾಬ್ ಜೊತೆಗೆ ನನ್ನ ಸ್ಕ್ರೀನು, ಅಥವಾ ಹಳೆಯ ಬಟನ್‌ಗಳು. ಹಲ್ಲು ಕಚ್ಚಿ ಒಪ್ಪಿದೆ. ಆ ನಾಬಿನ ನಕ್ಷೆಯನ್ನೂ ನನ್ನಿಂದಲೇ ಬರೆಸಿದರು. ಅಳತೆಗೆ ಆಂಟಿಯ ಗವಸು ತಂದುಕೊಟ್ಟವಳು ಮಾಲಾ. ಒಂದು ವಾರ ಅವಳು ನನ್ನನ್ನು ಕಂಡಾಗಲೆಲ್ಲ ನಗುತ್ತಿದ್ದಳು. ಒಂದು ಸಂಜೆ ನಾನು ಆಂಟಿಯ ಮಗಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆಂಟಿ ಮುಂದಿನ ಮಾತಿಗೇ ಬಿಡದೆ ತಟ್ಟೆ ತುಂಬ ಅವಲಕ್ಕಿ ಕೊಟ್ಟರು.

ಮರುವರ್ಷ ಕಾರು ಮಾರುಕಟ್ಟೆಗೆ ಬಂತು. ಚಳಿಗಾಲದ ಒಂದು ಭಾನುವಾರ ನೋವೈ ದೇವಸ್ಥಾನದ ಕ್ಯಾಂಟೀನಿನಲ್ಲಿ ನಾನೂ ಮಾಲಾಳೂ ಪುಳಿಯೋಗರೆ ತಿನ್ನುತ್ತಿದ್ದೆವು. ಹೊಸದಾಗಿ ಈ ಕಡೆಗೆ ಬಂದಿದ್ದ ಪ್ರಕಾಶ್ ಎಂಬ ಬೆಂಗಳೂರಿನ ಹುಡುಗ ಎದುರಿಗೆ ಬಂದು ಕೂತ. ಅವನು ಅದೇ ಕಾರು ಕೊಂಡಿದ್ದ, ಅದು ನನ್ನ ಕೈಕೆಲಸ ಎಂದು ಯಾರಿಂದಲೋ ತಿಳಿದುಕೊಂಡಿದ್ದ. ಮೂರು ವರ್ಷದ ಕೆಲಸ, ಅದನ್ನು ದಿನವೂ ಓಡಿಸುವ ಮನುಷ್ಯ ಎದುರಿಗೆ ಕೂತಿದ್ದಾನೆ! ಸ್ಕ್ರೀನ್ ಹೇಗಿದೆ ಎಂದು ಆದಷ್ಟು ಸಹಜವಾಗಿ ಕೇಳಿದೆ.

ಸ್ಕ್ರೀನ್ ಬಗ್ಗೆ ಏನೂ ಹೇಳುವ ಹಾಗಿಲ್ಲ ಎಂದ. ನಾನು ಸಂತೋಷಪಡುವಷ್ಟರಲ್ಲಿ, ಅದನ್ನು ತಾನು ಮುಟ್ಟುವುದನ್ನೇ ಬಿಟ್ಟಿದ್ದೇನೆ ಎಂದು ಸೇರಿಸಿದ. ಆಮೇಲೆ ಅವನ ಮುಖ ಅರಳಿತು.

"ಆದ್ರೆ ಆ ನಾಬ್ ಇದೆಯಲ್ಲ ಸಾರ್. ಹೋದ ವಾರ ಫ್ರೀವೇಲಿ ಟ್ರಕ್ ಪಕ್ಕದಲ್ಲೇ ಇದೆ, ಗಾಜೆಲ್ಲ ಮುಚ್ಕೊಂಡ್ಬಿಡ್ತು. ಹಿಂದುಗಡೆ ಮಕ್ಕಳು. ಒಂದ್ಸಲ ತಿರುಗಿಸ್ದೆ ಅಷ್ಟೇ. ಅದನ್ನ ಇಟ್ಟೋರಿಗೆ ಕೈ ಮುಗೀಬೇಕು ಅನ್ನಿಸ್ತು."

ನಿಜವಾಗಿ ಕೈ ಮುಗಿದ, ನನಗೆ! ಮಾಲಾ ಚಮಚ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಳು. ಇನ್ನು ಸುಳ್ಳು ಸಾಕು ಎಂದುಕೊಂಡು, ಅದು ನನ್ನದಲ್ಲ, ಲೊಂಬಾರ್ಡ್‌ನ ಒಬ್ಬ ಆಂಟಿಯದು, ಅವರು ಮಕ್ಕಳ ಡಾಕ್ಟರು ಎಂದೆ. ಪ್ರಕಾಶ್ ಜೋರಾಗಿ ನಕ್ಕ. ನೀವು ಒಳ್ಳೇ ತಮಾಷೆ ಮಾಡ್ತೀರ ಸಾರ್ ಎಂದ. ಇಲ್ಲಪ್ಪ, ಆ ನಾಬ್ ಬೇಡವೇ ಬೇಡ ಎಂದು ಜಗಳವಾಡಿದವನು ನಾನು ಎಂದೆ. ಅವನ ಕಣ್ಣಲ್ಲಿ ಗೌರವ ಇಮ್ಮಡಿಯಾಯಿತು. ಅಕ್ಕಪಕ್ಕದ ಟೇಬಲ್ಲಿನವರಿಗೆಲ್ಲ ಕೇಳುವ ಹಾಗೆ, ಇಷ್ಟು ದೊಡ್ಡ ಕೆಲಸ ಮಾಡಿ ಇಷ್ಟು ಸರಳವಾಗಿರುವವರನ್ನು ನಾನು ನೋಡೇ ಇಲ್ಲ ಎಂದು ಎದ್ದು ನಿಂತು ನನ್ನ ಕೈ ಕುಲುಕಿದ. ಆಚೆ ಟೇಬಲ್ಲಿನ ಇಬ್ಬರು ಅಂಕಲ್‌ಗಳೂ ಎದ್ದು ಬಂದರು.

ಎರಡು ಸಲ ನಿಜ ಹೇಳಿ ನೋಡಿದ್ದೆ. ಮೂರನೆಯ ಸಲ, ಥ್ಯಾಂಕ್ಸ್ ಅಂದೆ.