ಬೀಗದವನು ಆರಿಸಿದ ಭದ್ರವಾದ ಫೋನು

ಗಂಡ: ಬೀಗ ರಿಪೇರಿ ಮಾಡೋನಿಗೇ ಭದ್ರತೆ ಪಾಠ ಹೇಳ್ತೀಯಾ? ಇಪ್ಪತ್ತೆರಡು ವರ್ಷದ ಸರ್ವೀಸು ಕಣೇ ನಂದು! ಐಫೋನೇ ಆಗ್ಬೇಕು.

ಹೆಂಡತಿ: ಹೌದೌದು. ಉಚಿತ ಟಾರ್ಚ್ ಅಂತ ಬಂದ ಲಿಂಕ್ ಒತ್ತಿ ಹಳೇ ಫೋನಿಗೆ ವೈರಸ್ ಹತ್ತಿಸಿದ್ದು ಯಾರ ಸರ್ವೀಸು? ಫೋನಲ್ಲಿ ಟಾರ್ಚ್ ಮೊದಲೇ ಇತ್ತಲ್ರೀ!

ಇಬ್ಬರೂ ಮೊಬೈಲ್ ಅಂಗಡಿಗೆ ಬಂದು ಮುಕ್ಕಾಲು ಗಂಟೆಯಾಗಿತ್ತು. ಅಂಗಡಿಯಾಕೆ ಹನ್ನೊಂದು ಫೋನು ತೆಗೆದು ಗಾಜಿನ ಮೇಜಿನ ಮೇಲಿಟ್ಟಿದ್ದಳು. ಆ ಪುಣ್ಯಾತ್ಮ ಹನ್ನೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ್ದ. ಬೀಗ ನೋಡಿ ಅಭ್ಯಾಸ, ಏನು ಮಾಡುವುದು!

ಅಂಗಡಿಯಾಕೆ: ಅಣ್ಣಾ, ಒಳಗೆ ಏನೂ ಸಡಿಲ ಇಲ್ಲ. ದಯವಿಟ್ಟು ಕೆಳಗಿಡಿ.

ಗಂಡ: ತಮಾಷೆ ಅಲ್ಲಮ್ಮ. ಜನ ಕೀ ಫೋಟೋ ಕಳಿಸ್ತಾರೆ, ಅದನ್ನ ನೋಡಿ ನಾನು ಡೂಪ್ಲಿಕೇಟ್ ಮಾಡಿಕೊಡ್ತೀನಿ. ಅರ್ಧ ಪೇಟೆಯ ಬಾಗಿಲು ನನ್ನ ಫೋನಲ್ಲಿದೆ! ಅದು ಕಳ್ಳರ ಕೈಗೆ ಸಿಕ್ಕಿದ್ರೆ ನನ್ನನ್ನ ಯಾರಮ್ಮ ನಂಬ್ತಾರೆ? ಮೂರು ದಿನದಿಂದ ಊಟ ಸೇರ್ತಿಲ್ಲ.

ಹೆಂಡತಿ: ಸೇರ್ತಿಲ್ಲ ಅಂತ್ಲೇ ಎರಡೆರಡು ಸಲ ಬಡಿಸ್ಕೊಳ್ತಾರೆ.

ಗಂಡ: ಅದು ಚಿಂತೆಗೆ ಕಣೇ! ಏನಮ್ಮ, ಐಫೋನಿಗೆ ವೈರಸ್ಸೇ ಬರಲ್ಲ ಅಲ್ವಾ?

ಅಂಗಡಿಯಾಕೆ: ಬರೋದೇ ಇಲ್ಲ ಅಂತ ಹೇಳಕ್ಕಾಗಲ್ಲ. ಕಡಿಮೆ. ಹೊರಗಿನ ಆಪ್‌ನ ಸುಲಭಕ್ಕೆ ಒಳಗೆ ಬಿಡಲ್ಲ. ಆಂಡ್ರಾಯ್ಡ್ ಆದ್ರೆ, ನೀವು ಹ್ಞೂಂ ಅಂದ್ರೆ ಬಿಡುತ್ತೆ.

ಹೆಂಡತಿ: ಇವರು ಎಲ್ಲದಕ್ಕೂ ಹ್ಞೂಂ ಅಂತಾರಮ್ಮ. ನನ್ನ ಮಾತೊಂದು ಬಿಟ್ಟು.

ಗಂಡ: ಮತ್ತೆ ನಿನ್ನ ತಮ್ಮ? ಅವನ ವಿಂಡೋಸ್ ಕಂಪ್ಯೂಟರಿಗೆ ವೈರಸ್ ಹತ್ತಲಿಲ್ವಾ?

ಹೆಂಡತಿ: ನನ್ನ ತವರಿನ ಸುದ್ದಿಗೆ ಬಂದ್ರೆ ನೋಡಿ ಮತ್ತೆ!

ಅಂಗಡಿಯಾಕೆ: ಅಯ್ಯೋ ಅಕ್ಕಾ, ವಿಂಡೋಸ್ ಬಳಸೋರು ಜಾಸ್ತಿ, ಅದಕ್ಕೇ ಕಳ್ಳರ ಕಣ್ಣೂ ಅಲ್ಲೇ ಜಾಸ್ತಿ. ಮ್ಯಾಕ್‌ಗೂ ಬರುತ್ತೆ. ಯಾವುದೇ ಇರ್ಲಿ, ಅಪ್‌ಡೇಟ್ ಮಾಡ್ತಿರಬೇಕು, ಸಿಕ್ಕಿದ್ದೆಲ್ಲ ಒತ್ತಬಾರದು.

ಹೆಂಡತಿ: ಕೇಳಿಸ್ತಾ? ಬಾಗಿಲು ಎಷ್ಟು ಗಟ್ಟಿ ಇದ್ರೇನು, ತೆಗೆಯೋರು ನೀವೇ ಆದ್ಮೇಲೆ!

ಗಂಡ: ನಾನೇನು ದಾರೀಲಿ ಹೋಗೋರನ್ನೆಲ್ಲ ಕರೆದು ಕೀ ತೋರಿಸ್ತೀನಾ?

ಅಂಗಡಿಯಾಕೆ ಕೆಮ್ಮಿದಳು. ಬೇಕೆಂದೇ ಕೆಮ್ಮಿದ್ದು.

ಅಂಗಡಿಯಾಕೆ: ಅಣ್ಣಾ, ಬೇಜಾರು ಮಾಡ್ಕೋಬೇಡಿ. ನಾನು ನಿಮ್ಮ ವಾಟ್ಸಾಪ್ ಸ್ಟೇಟಸ್ ತಪ್ಪದೆ ನೋಡ್ತೀನಿ.

ಗಂಡ (ಎದೆಯುಬ್ಬಿಸಿ): ಹೌದಾ? ಹೇಗಿರುತ್ತೆ?

ಅಂಗಡಿಯಾಕೆ: ಬಹಳ ಸ್ಪಷ್ಟವಾಗಿರುತ್ತೆ. ಹೋದ ವಾರ "ಡಾಕ್ಟರಮ್ಮನ ಮನೆ ಮುಂಬಾಗಿಲು, ಆರೇ ನಿಮಿಷದಲ್ಲಿ ರೆಡಿ" ಅಂತ ಕೀ ಫೋಟೋ ಹಾಕಿದ್ರಲ್ಲ, ಒಂದೊಂದು ಹಲ್ಲೂ ಎಣಿಸಬಹುದಿತ್ತು. ಅದಕ್ಕೆ ಮುಂಚೆ ನಮ್ಮ ಅಂಗಡಿ ಶಟರ್‌ದೂ ಬಂದಿತ್ತು. ನಮ್ಮ ಯಜಮಾನರು ಖುಷಿಯಾಗಿ ಲೈಕ್ ಒತ್ತಿದ್ರು.

ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು.

ಹೆಂಡತಿ: ಅಲ್ರೀ, ಕಳ್ಳ ಯಾಕ್ರೀ ಕಷ್ಟಪಟ್ಟು ವೈರಸ್ ಕಳಿಸ್ತಾನೆ? ಎಷ್ಟು ಜನ ನೋಡ್ತಾರೆ ನಿಮ್ಮ ಸ್ಟೇಟಸ್ಸನ್ನ?

ಗಂಡ: ಇನ್ನೂರ ಹದಿನಾಲ್ಕು. ಭಾನುವಾರ ಸ್ವಲ್ಪ ಕಡಿಮೆ.

ಹೇಳುತ್ತಿದ್ದಂತೆಯೇ ಅವನಿಗೆ ಅರ್ಥವಾಯಿತು. ಕೈಯಲ್ಲಿದ್ದ ಐಫೋನನ್ನು ಮೆಲ್ಲಗೆ ಕೆಳಗಿಟ್ಟ.

ಗಂಡ: ಕೆಲಸ ಚೆನ್ನಾಗಿದೆ ಅಂತ ನಾಲ್ಕು ಜನ ಹೇಳ್ಲಿ ಅಂತ ಹಾಕ್ದೆ ಕಣೇ. ಈಗೇನ್ ಮಾಡ್ಲಿ?

ಅವಳಿಗೂ ಪಾಪ ಎನಿಸಿತು. ಆದರೆ ತೋರಿಸಿಕೊಳ್ಳಲಿಲ್ಲ.

ಹೆಂಡತಿ: ಏಳಿ ಮೇಲೆ. ಯಾರ್ಯಾರ ಕೀ ಹಾಕಿದ್ರೋ ಅವರ ಮನೆಗೆಲ್ಲ ಹೋಗಿ ತಪ್ಪಾಯ್ತು ಅನ್ನಿ. ಪುಕ್ಕಟೆ ಹೊಸ ಬೀಗ ಹಾಕ್ಕೊಡಿ. ನಾನೂ ಬರ್ತೀನಿ.

ಗಂಡ (ಕಣ್ಣೊರೆಸಿಕೊಂಡು): ಆಗ್ಲಿ ಕಣೇ. ಮೊದಲು ಡಾಕ್ಟರಮ್ಮನ ಮನೆ. ಎಂಥಾ ಬೀಗ ಹಾಕ್ತೀನಿ ನೋಡ್ತಿರು, ಪೇಟೇಲಿ ಯಾರ ಮನೇಲೂ ಇರಬಾರದು! ಹಾಕಿದ್ಮೇಲೆ... ಒಂದೇ ಒಂದು ಫೋಟೋ...

ಹೆಂಡತಿ: ಅಮ್ಮಾ, ಇವನ್ನೆಲ್ಲ ಒಳಗಿಡು. ಕ್ಯಾಮೆರಾನೇ ಇಲ್ಲದ್ದು ಒಂದಿದ್ರೆ ತೋರಿಸು.